ವಾತ್ಸಲ್ಯವೂ ವ್ಯಾಮೋಹವೂ: ‘ಮಿಲ್‌ಡ್ರೆಡ್ ಪಿಯರ್ಸ್’ ಕಾದಂಬರಿಯ ಒಂದು ವಿವೇಚನೆ

ಅಮೆರಿಕೆಯ ಲೇಖಕ ಜೇಮ್ಸ್ ಎಂ. ಕೇನ್ (1892-1977) 1941ರಲ್ಲಿ ಪ್ರಕಟಿಸಿದ ‘ಮಿಲ್‌ಡ್ರೆಡ್ ಪಿಯರ್ಸ್’ ತಾಯಿಮಗಳ ಸಂಬಂಧವನ್ನು ನಿಷ್ಠುರವಾಗಿ ಪರೀಕ್ಷಿಸುವ ಕಾದಂಬರಿ. ಮಗಳ ಕೃತಘ್ನತೆಯೇ ಇದರ ವಸ್ತುವೆಂದು ಮೇಲುನೋಟಕ್ಕೆ ತೋರುತ್ತದೆ. ಆ ಕೃತಘ್ನತೆಯ ಬೀಜ ಬಿದ್ದುದೆಲ್ಲಿ ಎಂಬುದು ವಿಚಾರಾರ್ಹವಾದ ಸಂಗತಿ.

ಕಥೆ ಆರಂಭವಾಗುವುದು 1931ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಪಟ್ಟಣದಲ್ಲಿ. ವ್ಯವಹಾರದಲ್ಲಿ ಸೋತ ಪತಿ ಮನೆ ಬಿಟ್ಟ ಮೇಲೆ ಮಿಲ್‌ಡ್ರೆಡ್ ತನ್ನಿಬ್ಬರು ಹೆಣ್ಣುಮಕ್ಕಳ ಪೋಷಣೆಗಾಗಿ ಹೋಟೆಲೊಂದರಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರುತ್ತಾಳೆ. ಹಿರಿಯ ಮಗಳು ವೀಡಾಳಿಗೆ ಇದು ತಿಳಿಯಬಾರದೆಂದು ಕೆಲಸದ ಸಮವಸ್ತ್ರವನ್ನು ಬಚ್ಚಿಡುತ್ತಾಳೆ. ವೀಡಾ ಅದನ್ನು ಪತ್ತೆಹಚ್ಚಿ, ಮನೆಗೆಲಸದವಳಿಗೆ ತೊಡಿಸಿ, ತಾಯಿಯನ್ನು ಹಂಗಿಸುತ್ತಾಳೆ. ಮಿಲ್‌ಡ್ರೆಡ್ ಮಗಳನ್ನು ಹೊಡೆಯುತ್ತಾಳೆ. ಆದರೆ ದುಡಿಮೆ ಹೀನವಲ್ಲವೆಂದು ಹೇಳಲಾರಳು. ಸ್ವಂತ ಹೋಟೆಲು ತೆರೆಯುವ ಸಲುವಾಗಿ ಕೆಲಸ ಕಲಿಯುತ್ತಿರುವೆನೆಂದು ಸಬೂಬು ಹೇಳುತ್ತಾಳೆ. ಇಡೀ ಕಾದಂಬರಿ ಈ ಒಂದು ಪ್ರಸಂಗದಲ್ಲಿ ಬೀಜರೂಪವಾಗಿ ಅಡಗಿದೆ. ತಾಯಿಯ ದುಡಿಮೆಯನ್ನು ಮಗಳು ತಿರಸ್ಕರಿಸುವ ಮೊದಲೇ ತಾಯಿ ತಾನೇ ಅದಕ್ಕಾಗಿ ನಾಚಿದ್ದಳು.

ಆ ಸಬೂಬೇ ಮುಂದೆ ಸತ್ಯವಾಗುತ್ತದೆ. ಹಣ್ಣಿನ ಹೂರಣವಿಟ್ಟು ಬೇಯಿಸುವ ‘ಪೈ’ ಎಂಬ ಭಕ್ಷ್ಯದ ಮಾರಾಟದಿಂದ ಮೇಲೇರಿದ ಮಿಲ್‌ಡ್ರೆಡ್ ಮೂರು ಹೋಟೆಲುಗಳ ಒಡತಿಯಾಗುತ್ತಾಳೆ. ಕಿರಿಯ ಮಗಳು ರೇ ಕಾಯಿಲೆಯಿಂದ ತೀರಿಕೊಂಡಾಗ, ಸತ್ತವಳು ವೀಡಾ ಅಲ್ಲವೆಂಬ ಸಮಾಧಾನ ಆ ದುಃಖದ ನಡುವೆಯೂ ತಾಯಿಯ ಮನಸ್ಸಿನಲ್ಲಿ ಸುಳಿಯುತ್ತದೆ. ಲೇಖಕ ಇದನ್ನು ಮರೆಮಾಚುವುದಿಲ್ಲ. ವೀಡಾ ಸಂಗೀತದಲ್ಲಿ ಕೀರ್ತಿ ಪಡೆಯುತ್ತಾಳೆ. ಅವಳನ್ನು ಹತ್ತಿರ ಇರಿಸಿಕೊಳ್ಳುವ ಹಂಬಲದಲ್ಲಿ ಮಿತಿಮೀರಿ ವೆಚ್ಚಮಾಡಿ ತಾಯಿ ಕಟ್ಟಿದ ಉದ್ಯಮವನ್ನೇ ಕಳೆದುಕೊಳ್ಳುತ್ತಾಳೆ. ಕೊನೆಗೆ ಮಗಳು ತಾಯಿಯ ಎರಡನೆಯ ಪತಿಯೊಡನೆ ಹೊರಟುಹೋಗುತ್ತಾಳೆ.

1945ರ ಚಲನಚಿತ್ರದಲ್ಲಿ ನಿರ್ದೇಶಕ ಮೈಕೆಲ್ ಕರ್ಟಿಜ್ ಕೊಲೆಯೊಂದನ್ನು ತೋರಿಸಿದ್ದಾನೆ; ಮಿಲ್‌ಡ್ರೆಡ್ ಪಾತ್ರಕ್ಕಾಗಿ ಜೋನ್ ಕ್ರಾಫರ್ಡ್ ಆಸ್ಕರ್ ಪಾರಿತೋಷಕ ಪಡೆದಳು. ಮೂಲ ಕಾದಂಬರಿಯಲ್ಲಿ ಆ ಕೊಲೆಯಿಲ್ಲ, ಅಪರಾಧಿಯನ್ನು ಹಿಡಿದು ಕಥೆ ಮುಗಿಸುವ ಸುಲಭೋಪಾಯವೂ ಇಲ್ಲ. ಆದ್ದರಿಂದ ತಪ್ಪು ಯಾರದೆಂಬ ಪ್ರಶ್ನೆ ಓದುಗನ ಬಳಿಯೇ ಉಳಿಯುತ್ತದೆ.

ವೀಡಾಳ ಕ್ರೌರ್ಯಕ್ಕೆ ಕ್ಷಮೆಯಿಲ್ಲ, ನಿಜ. ಆದರೂ ಧೃತರಾಷ್ಟ್ರನಿಗೆ ಕಣ್ಣಿರಲಿಲ್ಲ; ಮಿಲ್‌ಡ್ರೆಡ್ ಕಣ್ಣಿದ್ದೂ ಕಾಣದೆ ಹೋದಳು. ಹೊಟ್ಟೆಬಟ್ಟೆ ಕಟ್ಟಿ ಓದಿಸುವ ತಂದೆತಾಯಿಗಳ ಮಕ್ಕಳು ಉಪಾಧ್ಯಾಯರಾದ ನಮ್ಮೆದುರು ದಿನವೂ ಕುಳಿತಿರುತ್ತಾರೆ. ತಮ್ಮ ಶುಲ್ಕ ಯಾರ ಬೆವರಿನಿಂದ ಬಂದಿತೆಂಬುದನ್ನು ಅವರಿಗೆ ತಿಳಿಸುವುದೂ ಪಾಠವೇ. ಬೆವರನ್ನು ಮರೆಮಾಡಿ ಬೆಳೆಸಿದ ಮಗು ಬೆವರಿನ ಬೆಲೆಯನ್ನು ಅರಿಯುವುದಾದರೂ ಹೇಗೆ?