ರೋಬಾಟ್ ತಂಡ ಸೇರುವವರಿಗೊಂದು ಕಿವಿಮಾತು

ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ರೋಬಾಟ್ ತಂಡ ಸೇರಿದಾಗ ಎಡವುವುದು ಹೆಚ್ಚಾಗಿ ಜ್ಞಾನದ ಕೊರತೆಯಿಂದಲ್ಲ. ಮೆಕ್ಯಾನಿಕಲ್‌ನವರು ಚೌಕಟ್ಟನ್ನೂ, ಎಲೆಕ್ಟ್ರಾನಿಕ್ಸ್‌ನವರು ಸರ್ಕ್ಯೂಟನ್ನೂ, ಕಂಪ್ಯೂಟರ್‌ನವರು ಪ್ರೋಗ್ರಾಮನ್ನೂ ತಮ್ಮ ತಮ್ಮ ಮೂಲೆಯಲ್ಲಿ ಮುಗಿಸಿ, ಜೋಡಣೆಯನ್ನು ಕೊನೆಯ ವಾರಕ್ಕೆ ಬಿಡುವುದರಿಂದ. ಬಿಡಿಯಾಗಿ ಸರಿಯಿದ್ದ ಭಾಗಗಳು ಕೂಡಿದಾಗ ಕೈಕೊಡುವುದು ಈ ವಿದ್ಯೆಯ ಸ್ವಭಾವವೇ ಆಗಿದೆ. ಮೋಟಾರು ಹೊರಡುವ ಕ್ಷಣದಲ್ಲಿ ಹೆಚ್ಚು ಕರೆಂಟ್ ಸೆಳೆಯುವುದರಿಂದ ವೋಲ್ಟೇಜ್ ಕುಸಿದು, ಮೈಕ್ರೊಕಂಟ್ರೋಲರ್, ಅಂದರೆ ರೋಬಾಟನ್ನು ನಡೆಸುವ ಪುಟ್ಟ ಗಣಕ, ನಡುವೆಯೇ ರೀಸೆಟ್ ಆಗಬಹುದು. ಆಗ ಪ್ರೋಗ್ರಾಮು ಬರೆದವರು ತಮ್ಮಲ್ಲಿಲ್ಲದ ತಪ್ಪನ್ನು, ಪಾಪ, ರಾತ್ರಿಯಿಡೀ ಹುಡುಕುತ್ತಾರೆ. ಆದುದರಿಂದ ತೂಕ, ವೋಲ್ಟೇಜ್, ತಂತಿಗಳ ಬಣ್ಣ ಇವನ್ನೆಲ್ಲ ಮೊದಲ ವಾರವೇ ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಒರಟಾದರೂ ಸರಿ, ಓಡಾಡುವ ಒಂದು ಮಾದರಿಯನ್ನು ಬೇಗ ಕೂಡಿಸಿಕೊಳ್ಳುವುದು ಲೇಸು. ಲಿಥಿಯಂ ಬ್ಯಾಟರಿಯನ್ನಂತೂ ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಹೋಗಲೇಬಾರದು.

ಹಳ್ಳಿಯಿಂದ ಬಂದವರು ಹಿಂಜರಿಯಬೇಕಾದುದೂ ಇಲ್ಲ. 2024ರಲ್ಲಿ ವಿಯೆಟ್ನಾಂನಲ್ಲಿ ನಡೆದ ಎಬಿಯು ರೋಬೊಕಾನ್ ಎಂಬ ಏಷ್ಯಾ-ಪೆಸಿಫಿಕ್ ವಿದ್ಯಾರ್ಥಿ ಸ್ಪರ್ಧೆಯ ವಿಷಯವೇ ಭತ್ತದ ನಾಟಿ ಮತ್ತು ಕೊಯ್ಲಾಗಿತ್ತು. ತುಂಗಭದ್ರಾ ಕಾಲುವೆಯ ನೀರುಣ್ಣುವ ಸಿರುಗುಪ್ಪದ ಗದ್ದೆಗಳಲ್ಲಿ ಆ ಕೆಲಸವನ್ನು ಕಂಡು ಬೆಳೆದವರ ಮಾತಿಗೆ ತಂಡದಲ್ಲಿ ಬೆಲೆಯಿದೆ.