ದಿನ ತುಂಬದ ಮಗು: ಒಂದೇ ಪಾಠ, ಶಿಕಾರಿಪುರದಲ್ಲೊಮ್ಮೆ ಸೊರಬದಲ್ಲೊಮ್ಮೆ

ಹತ್ತನೇ ತರಗತಿಯ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ’ ಘಟಕದ ಕೊನೆಯ ಅವಧಿ. ಶಿಕಾರಿಪುರದ ಪ್ರೌಢಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ಜರಾಯುವಿನ ಕಾರ್ಯ ವಿವರಿಸಿ, 37 ವಾರ ತುಂಬುವ ಮುನ್ನ ಹುಟ್ಟಿದ ಶಿಶುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ ಎಂದು ಕರಿಹಲಗೆಯ ಮೇಲೆ ಬರೆದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. “ಮಿಸ್, ನಮ್ಮ ತಮ್ಮ ಏಳು ತಿಂಗಳಿಗೆ ಹುಟ್ಟಿದ್ದು. ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರೆ ಅಜ್ಜಿ. ಹೌದಾ? ಅವನಿಗೀಗ ಎಂಟು ತಿಂಗಳು, ಇನ್ನೂ ಸರಿಯಾಗಿ ಕೂರಲ್ಲ.”

“ಅದೆಲ್ಲ ಮೂಢನಂಬಿಕೆ, ಕೂತ್ಕೊ” ಎಂಬ ಉತ್ತರ ಬಂತು. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ, ನಿಜ. ಆದರೆ ಆ ಅವಧಿಯ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಸಂಜೆಯ ಚರ್ಚೆಯಲ್ಲಿ ಪಾಠವನ್ನು ಅದರ ಸುತ್ತಲೇ ಮತ್ತೆ ಕಟ್ಟಿದೆವು.

ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ತಾಯಿಯ ಗ್ಲೂಕೋಸ್ ನಿಲ್ಲುತ್ತದೆ. ಮುಂದಿನ ಗಂಟೆಗಳನ್ನು ಶಿಶು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಚರ್ಮದಡಿಯ ಕೊಬ್ಬುಗಳಿಂದ ದಾಟಬೇಕು. ಈ ಕೂಡಿಡುವ ಕೆಲಸದ ಬಹುಪಾಲು ನಡೆಯುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಸಹ ಹಾಗೆಯೇ. ನವಜಾತ ಶಿಶು ದೊಡ್ಡವರಂತೆ ನಡುಗಿ ಶಾಖ ಪಡೆಯುವುದಿಲ್ಲ, ಕಂದು ಕೊಬ್ಬನ್ನು ಉರಿಸುತ್ತದೆ. ಅವಧಿಪೂರ್ವ ಶಿಶುವಿಗೆ ಅದೂ ಕಡಿಮೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೆಯಾಗುವುದು ಸುಮಾರು 34 ವಾರಕ್ಕೆ. ಅದಕ್ಕೆ ಮೊದಲು ಹುಟ್ಟಿದ್ದಕ್ಕೆ ಹಿಂಡಿದ ತಾಯಿಯ ಹಾಲನ್ನು ಕೊಳವೆಯಲ್ಲೋ ಒಳಲೆಯಲ್ಲೋ ಕೊಡಬೇಕಾಗುತ್ತದೆ. ಹೀಗಾಗಿ ಏಳಕ್ಕಿಂತ ಎಂಟು ತಿಂಗಳ ಮಗುವಿನ ಕೈಯಲ್ಲೇ ಗಂಟು ಹೆಚ್ಚು, ಬದುಕುವ ಸಾಧ್ಯತೆಯೂ ಹೆಚ್ಚು. ಅಜ್ಜಿಯ ಮಾತಿಗೆ ಉತ್ತರ ಇದು.

ಸೊರಬದಲ್ಲಿ ಇದನ್ನು ಹೇಳುವ ಬದಲು ಮಾಡಿ ತೋರಿಸಿದೆವು. ತಂಬಿಗೆಗೂ ಸಣ್ಣ ಲೋಟಕ್ಕೂ ಒಂದೇ ಬಿಸಿಯ ನೀರು ತುಂಬಿ, ಐದೈದು ನಿಮಿಷಕ್ಕೆ ತಾಪಮಾಪಕ ಓದಿಸಿದೆವು. ಲೋಟ ಬೇಗ ಆರಿತು. ಏಕೆಂದು ಲೆಕ್ಕ ಹಾಕಿಸಿದೆವು: 2 ಸೆಂ.ಮೀ. ಘನಕ್ಕೆ ಮೇಲ್ಮೈ 24, ಗಾತ್ರ 8; 1 ಸೆಂ.ಮೀ. ಘನಕ್ಕೆ 6 ಮತ್ತು 1. ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. “ಹಂಗಾದ್ರೆ ಮಂಚದ ಕೆಳಗೆ ಕೆಂಡ ಇಡೋದು ಸರಿನೇ ಅಲ್ವಾ ಸಾರ್?” ಎಂದ ಒಬ್ಬ. ಬಾಣಂತಿ ಕೋಣೆಯನ್ನು ಬೆಚ್ಚಗಿಡುವ ತಿಳಿವಳಿಕೆ ಸರಿ, ಹೊಗೆ ಮತ್ತು ಸುಡುವ ಅಪಾಯ ಸರಿಯಲ್ಲ ಎಂದು ಒಪ್ಪಿಸಿ, ಕಾಂಗರೂ ತಾಯಿ ಆರೈಕೆಗೆ ಬಂದೆವು. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಆರಂಭವಾದ ಈ ಕ್ರಮದಲ್ಲಿ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುತ್ತಾರೆ. ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೆಚ್ಚು ಹೊತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಪ್ರಯತ್ನ ನಡೆದಿದೆ. ಅಪ್ಪನೂ ಕಟ್ಟಿಕೊಳ್ಳಬಹುದು ಎಂದಾಗ ತರಗತಿ ನಕ್ಕಿತು. ನಗಲಿ ಬಿಡಿ, ನೆನಪಿರುತ್ತದೆ.

ಕೂರದ ತಮ್ಮನ ಪ್ರಶ್ನೆ ಲೆಕ್ಕದ್ದು. 32 ವಾರಕ್ಕೆ ಹುಟ್ಟಿದ ಮಗು 40ಕ್ಕೆ 8 ವಾರ ಕಡಿಮೆ. ಅದಕ್ಕೀಗ 8 ತಿಂಗಳಾಗಿದ್ದರೆ ಸರಿಪಡಿಸಿದ ವಯಸ್ಸು ಸುಮಾರು 6 ತಿಂಗಳು. ಎರಡು ವರ್ಷದವರೆಗೆ ಬೆಳವಣಿಗೆಯನ್ನು ಈ ವಯಸ್ಸಿನಿಂದಲೇ ಅಳೆಯಬೇಕು. ಹಾಗೆಂದು ‘ಏನೂ ಆಗಿಲ್ಲ’ ಎಂದು ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ. ತಾಯಿ ಕಾರ್ಡು ಹಿಡಿದು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಲು ಹೇಳಬೇಕು.

ಒಂದು ಭಾಗವನ್ನು ಕೈಬಿಡಿಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಕಾಪಾಡಿದ ಹುಟ್ಟುತೂಕದ ದಾಖಲೆಗಳಿಂದ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ನಡುವಯಸ್ಸಿನ ನಂತರ ಹೃದಯರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟವಾಯಿತು. ಪ್ರಶಿಕ್ಷಣಾರ್ಥಿ ಅದನ್ನು ‘ಅವಧಿಪೂರ್ವ ಶಿಶುಗಳಿಗೆ ಹೃದಯರೋಗ’ ಎಂದು ಬರೆದುಕೊಂಡಿದ್ದರು. ಆ ದಾಖಲೆ ಹೇಳುವುದು ತೂಕದ ಮಾತು. ದಿನ ತುಂಬಿಯೂ 2,500 ಗ್ರಾಂ ಒಳಗಿರುವ ಮಕ್ಕಳು ನಮ್ಮಲ್ಲಿ ಬಹಳ. ಎರಡನ್ನೂ ಒಂದೇ ಮಾಡಿದರೆ ವಿಜ್ಞಾನವೂ ತಪ್ಪು, ಹಿಂದಿನ ಬೆಂಚಿನ ಹುಡುಗಿಗೆ ಭಯವೂ ಹೆಚ್ಚು.

ಸೊರಬದಲ್ಲಿ ಸಮಯ ಸಾಲಲಿಲ್ಲ, ವಯಸ್ಸಿನ ಲೆಕ್ಕ ಮನೆಗೆಲಸವಾಯಿತು. ಶಿಕಾರಿಪುರಕ್ಕೆ ಮರುವಾರ ಪ್ರಶಿಕ್ಷಣಾರ್ಥಿ ತಾವಾಗಿಯೇ ಹೋಗಿ, ಆ ಹುಡುಗಿಯೊಂದಿಗೆ ಕೂತು ಲೆಕ್ಕ ಮಾಡಿಸಿ ಬಂದರು.