ಕಾಸರಕದ ವಿಷ, ಇಲಿಯ ನೆನಪು

ಪರೀಕ್ಷೆಗೆ ಮುಂಚಿನ ರಕ್ಷಕರ ಸಭೆಯಲ್ಲಿ ತಾಯಿಯೊಬ್ಬರು ಕೇಳಿದರು: "ಮಾಷ್ಟ್ರೇ, ನೆನಪಿನ ಶಕ್ತಿಗೆ ಮಾತ್ರೆ ಉಂಟಂತೆ, ಮಗನಿಗೆ ಕೊಡಬಹುದಾ?" ಬೇಡ ಎಂದುಬಿಟ್ಟೆ. ಏಕೆಂದು ಹೇಳಲು ಆಗ ಪುರುಸೊತ್ತಿರಲಿಲ್ಲ. ಆಮೇಲೆ ಹತ್ತನೇ ತರಗತಿಯಲ್ಲಿ ನರವ್ಯೂಹದ ಪಾಠ ಬಂದಾಗ ಆ 'ಏಕೆ'ಗೇ ಒಂದು ಪೀರಿಯಡ್ ಕೊಟ್ಟೆ. ಅದರ ಟಿಪ್ಪಣಿ ಇದು.

ಶುರು ಮಾಡಿದ್ದು ಕಾಸರಕದ ಮರದಿಂದ. ಕಾಸರಗೋಡಿಗೆ ಹೆಸರು ಬಂದದ್ದೇ ಆ ಮರದಿಂದ ಎನ್ನುವವರಿದ್ದಾರೆ. ಅದರ ಬೀಜದಲ್ಲಿರುವ ವಿಷ ಸ್ಟ್ರಿಕ್ನಿನ್. ನರಗಳ ಚಟುವಟಿಕೆಗೆ ಬ್ರೇಕ್ ಹಾಕುವ ಗ್ಲೈಸಿನ್ ಎಂಬ ರಾಸಾಯನಿಕದ ಕೆಲಸವನ್ನು ಇದು ತಡೆಯುತ್ತದೆ. ಬ್ರೇಕ್ ಹೋದರೆ ಸ್ನಾಯುಗಳು ಸೆಟೆದು, ಉಸಿರು ಕಟ್ಟಿ ಸಾವು. (ಬೀಜವನ್ನು ತರಗತಿಗೆ ತರಿಸಬೇಡಿ, ಚಿತ್ರ ಸಾಕು.)

1917ರಲ್ಲಿ ಅಮೆರಿಕದ ಕಾರ್ಲ್ ಲ್ಯಾಶ್ಲಿ ಈ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಇಲಿಗಳಿಗೆ ಕೊಟ್ಟು, ಮೇಜ್ ಎಂಬ ಸುತ್ತುದಾರಿಯ ಪೆಟ್ಟಿಗೆಯಲ್ಲಿ ಓಡಿಸಿದರು. ಅವು ದಾರಿಯನ್ನು ಬೇಗ ಕಲಿತವು. ಕೆಫೀನ್ ಕೊಟ್ಟವು ನಿಧಾನವಾದವು. ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ಬೇಗ ಕಲಿತದ್ದು ನೆನಪು ಹೆಚ್ಚಿದ್ದರಿಂದಲೋ? ನನ್ನ ತರಗತಿಯ ಹುಡುಗಿಯೊಬ್ಬಳು, "ಹಸಿವು ಜಾಸ್ತಿ ಆಗಿರ್ಬಹುದಲ್ಲಾ ಸರ್?" ಅಂದಳು. ಹೌದು! ಕಣ್ಣು, ಮೂಗು ಚುರುಕಾಗಿರಲೂಬಹುದು. ನಮಗೆ ಕಾಣುವುದು ಇಲಿಯ ಓಟ, ನೆನಪಲ್ಲ.

ಈ ತೊಡಕಿಗೆ ಜೇಮ್ಸ್ ಮೆಕ್‌ಗಾ ಮುಂದೆ ಹಿಡಿದ ದಾರಿ ಸರಳ. ಮದ್ದನ್ನು ಪಾಠಕ್ಕೆ ಮೊದಲು ಕೊಡಲಿಲ್ಲ, ಪಾಠ ಮುಗಿದ ಕೂಡಲೇ ಕೊಟ್ಟರು. ಕಲಿಯುವಾಗ ಇಲಿಯ ಮೈಯಲ್ಲಿ ಮದ್ದಿಲ್ಲ, ಮರುದಿನ ಪರೀಕ್ಷೆಯ ಹೊತ್ತಿಗೆ ಅದು ಇಳಿದಿರುತ್ತದೆ. ಆದರೂ ಮದ್ದು ಸಿಕ್ಕಿದವು ಹೆಚ್ಚು ನೆನಪಿಟ್ಟುಕೊಂಡವು. ತಡಮಾಡಿ ಕೊಟ್ಟಷ್ಟೂ ಪರಿಣಾಮ ಕಡಿಮೆ. ಅಂದರೆ ಪಾಠ ಮುಗಿದ ಮೇಲೂ ನೆನಪು ಗಟ್ಟಿಯಾಗುವ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ, ಹೆಪ್ಪು ಹಾಕಿಟ್ಟ ಹಾಲಿನ ಹಾಗೆ.

ಆ ಹೆಪ್ಪು ಕೆಡಿಸಲೂ ಬರುತ್ತದೆ. 1960ರ ದಶಕದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಬರ್ನಾರ್ಡ್ ಅಗ್ರನಾಫ್ ಗೋಲ್ಡ್ ಫಿಶ್‌ಗಳಿಗೆ ಒಂದು ಪಾಠ ಕಲಿಸಿದರು: ದೀಪ ಹೊತ್ತಿದರೆ ತೊಟ್ಟಿಯ ನಡುವಿನ ತಡೆ ದಾಟಬೇಕು, ಇಲ್ಲದಿದ್ದರೆ ಶಾಕ್. ಮೊದಲ ದಿನ 20 ಸಲ ಅಭ್ಯಾಸ, ನಾಲ್ಕನೇ ದಿನ ಪರೀಕ್ಷೆ. ಅಭ್ಯಾಸ ಮುಗಿದ ಕೂಡಲೇ ಪ್ಯೂರೊಮೈಸಿನ್ ಇಂಜೆಕ್ಷನ್ ಪಡೆದ ಮೀನುಗಳು ಕಲಿತದ್ದನ್ನು ಮರೆತಿದ್ದವು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಯನ್ನು ತಡೆಯುವ ಆಂಟಿಬಯೋಟಿಕ್ ಅದು. ಒಂದು ಗಂಟೆ ಬಿಟ್ಟು ಅದನ್ನೇ ಪಡೆದ ಮೀನುಗಳಿಗೆ ಏನೂ ಆಗಲಿಲ್ಲ. ಈ ಎರಡನೇ ಗುಂಪು ಬಹಳ ಮುಖ್ಯ. ಮದ್ದು ಕಣ್ಣನ್ನೋ ಈಜನ್ನೋ ಹಾಳು ಮಾಡಿದ್ದರೆ ಇವೂ ಸೋಲಬೇಕಿತ್ತು. ಇನ್ನೂ ವಿಚಿತ್ರವೆಂದರೆ, ಅಭ್ಯಾಸಕ್ಕೆ ಮೊದಲೇ ಮದ್ದು ಪಡೆದ ಮೀನುಗಳು ಅಂದು ಚೆನ್ನಾಗಿಯೇ ಕಲಿತವು, ನಾಲ್ಕನೇ ದಿನಕ್ಕೆ ಮರೆತಿದ್ದವು. ಕಲಿಯುವುದು ಬೇರೆ, ಉಳಿಸಿಕೊಳ್ಳುವುದು ಬೇರೆ.

ನೆನಪು ನಿಜವಾಗಿ ಅಳಿದೇ ಹೋಯಿತೋ, ತೆಗೆಯುವ ಬಾಗಿಲು ಮುಚ್ಚಿತೋ? 1967ರಲ್ಲಿ ಫ್ಲೆಕ್ಸ್‌ನರ್ ದಂಪತಿ, ಇದೇ ಮದ್ದಿನಿಂದ ಮರೆತಿದ್ದ ಸುಂಡಿಲಿಗಳ ಮಿದುಳಿಗೆ ಬರೀ ಉಪ್ಪುನೀರು ಚುಚ್ಚಿದಾಗ ನೆನಪು ಮರಳಿದ್ದನ್ನು ತೋರಿಸಿದರು. ಜಾಣ ಮಕ್ಕಳಿಗೆ ಇದನ್ನು ಚರ್ಚೆಗೆ ಬಿಡಿ, ಉತ್ತರ ಹೇಳಬೇಡಿ.

ಆ ತಾಯಿ ಮತ್ತೆ ಸಿಕ್ಕಿದರು. ಇಲಿಯ ನೆನಪು ಹೆಚ್ಚಿಸಿದ ಮದ್ದು ತುಸು ಹೆಚ್ಚಾದರೆ ಅದೇ ಇಲಿಯನ್ನು ಕೊಲ್ಲುತ್ತದೆ ಎಂದೆ. ಮಾತ್ರೆ ಮಾರುವವರನ್ನು ಒಂದು ಮಾತು ಕೇಳಿ ನೋಡಿ ಎಂದೂ ಹೇಳಿದೆ: "ಈ ಮಾತ್ರೆ ತಿನ್ನದ ಮಕ್ಕಳ ಜೊತೆ ಹೋಲಿಸಿ ನೋಡಿದ್ದೀರಾ?"